ವಿಕ್ಟೋರಿಯನ್ ಮನೆಯ ಕಿಟಕಿ: ರಿಪೇರಿಯೋ, ಒಳಗೊಂದು ಗಾಜೋ, ಹೊಸದೋ?

ನಮ್ಮದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, 1890ರ ದಶಕದಲ್ಲಿ, ಅಂದರೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿದ ಸಾಲು ಮನೆ. ಕೆಂಪು ಇಟ್ಟಿಗೆ, ನಡುನಡುವೆ ಬೂದು ಇಟ್ಟಿಗೆಯ ಪಟ್ಟಿ, ಮುಂದೆ ಗೋಡೆಯಿಂದ ಹೊರಚಾಚಿದ, ಮೂರು ಕಿಟಕಿ ಸೇರಿದ ಬೇ ಕಿಟಕಿ. ನೋಡಿದ ದಿನವೇ ಮನಸೋತೆವು. ಅದು ಜೂನ್ ತಿಂಗಳು. ಕಿಟಕಿ ಮುಚ್ಚಿದ್ದರೂ ಪರದೆ ಅಲ್ಲಾಡುತ್ತದೆ ಅಂತ ಗೊತ್ತಾಗಿದ್ದು ನವೆಂಬರಿನಲ್ಲಿ. ಆ ಚಳಿಗಾಲ ಬಂದಿದ್ದ ಅಮ್ಮ ಶಾಲು ಹೊದ್ದು ಸೋಫಾದ ಮೂಲೆಯಲ್ಲಿ ಕೂತು, "ಇಷ್ಟು ದುಡ್ಡು ಕೊಟ್ಟು ಗಾಳಿಗೋಪುರ ತಗೊಂಡಿದ್ದೀಯಲ್ಲೋ" ಅಂದರು.

ಅದಾಗಿ ಆರು ವರ್ಷ. ಒಂದೇ ಮನೆಯಲ್ಲಿ ನಾಲ್ಕು ಥರದ ಕಿಟಕಿಗಳ ಜೊತೆ ಬದುಕಿದ್ದೇನೆ. ಮುಂದಿನ ಕೋಣೆಯದು ರಿಪೇರಿ ಮಾಡಿದ ಹಳೇ ಕಿಟಕಿ. ಮಲಗುವ ಕೋಣೆಯಲ್ಲಿ ಹಳೇ ಕಿಟಕಿಯ ಒಳಗೆ ಇನ್ನೊಂದು ಗಾಜು. ಅಡುಗೆಮನೆಯಲ್ಲಿ ಜೋಡಿ ಗಾಜಿನ ಹೊಸ ಮರದ ಕಿಟಕಿ. ಹಿಂದಿನ ಕೋಣೆಯಲ್ಲಿ ಹಳೇ ಮಾಲೀಕರು ಹಾಕಿಸಿಹೋದ ಪ್ಲಾಸ್ಟಿಕ್ ಕಿಟಕಿ. ಎಲ್ಲದಕ್ಕೂ ಒಂದೇ ಪರೀಕ್ಷೆ: ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿ ಅಂಚಿನುದ್ದಕ್ಕೂ ಹಿಡಿಯುವುದು. ಹೊಗೆ ನೆಟ್ಟಗೆ ಏರಿದರೆ ಪಾಸು.

ಈ ಮನೆಯ ಹಳೇ ಕಿಟಕಿಗೆ ಸ್ಯಾಶ್ ಕಿಟಕಿ ಅನ್ನುತ್ತಾರೆ, ಅದು ನಮ್ಮೂರಿನ ಹಾಗೆ ಕದ ತೆರೆಯುವ ಕಿಟಕಿಯಲ್ಲ. ಎರಡು ಚೌಕಟ್ಟು ಒಂದರ ಹಿಂದೊಂದು ಮೇಲೆ ಕೆಳಗೆ ಜಾರುತ್ತವೆ. ಬದಿಯಲ್ಲಿ ಹಗ್ಗ, ಮೇಲೆ ರಾಟೆ, ಹಗ್ಗದ ಆಚೆ ತುದಿಗೆ ಎರಕದ ಕಬ್ಬಿಣದ ಗುಂಡು. ಆ ಗುಂಡು ಪಕ್ಕದ ಮರದ ಪೆಟ್ಟಿಗೆಯೊಳಗೆ ಕಾಣದ ಹಾಗೆ ತೂಗುತ್ತಿರುತ್ತದೆ. ಬಾವಿಯ ರಾಟೆ ನೋಡಿದವರಿಗೆ ಇಷ್ಟು ಸಾಕು. ಹಿಂದೆ ಇಲ್ಲಿ ಗಾಜಿಗೂ ಕಿಟಕಿಗೂ ತೆರಿಗೆ ಇತ್ತು. 1845ರಲ್ಲಿ ಗಾಜಿನ ತೆರಿಗೆ ಹೋಯಿತು, 1851ರಲ್ಲಿ ಕಿಟಕಿ ತೆರಿಗೆಯೂ ಹೋಯಿತು. ಸಣ್ಣ ಸಣ್ಣ ಗಾಜಿನ ಜಾಗಕ್ಕೆ ದೊಡ್ಡ ಗಾಜು ಬಂತು. ನಮ್ಮ ಚೌಕಟ್ಟುಗಳಲ್ಲಿ ಒಂದೊಂದೇ ಗಾಜು. ನೋಡಲು ಚೆಂದ, ಒಡೆದರೆ ಗೋವಿಂದ!

ಮೊದಲು ರಿಪೇರಿ ಕಥೆ. ಹೊಸ ಕಿಟಕಿ ಮಾರುವವನೊಬ್ಬ ಬಂದು, "ಪೂರ್ತಿ ಕೊಳೆತಿದೆ, ಎಲ್ಲಾ ತೆಗೆಸಿಬಿಡಿ" ಅಂದಿದ್ದ. ಅವನು ಹೋದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಮರವನ್ನು ಚುಚ್ಚುತ್ತಾ ಹೋದೆ. ಮೆತ್ತಗಿದ್ದದ್ದು ಎರಡೇ ಕಡೆ: ಕೆಳ ಪಟ್ಟಿಯ ಒಂದು ತುದಿ, ಕಿಟಕಿಯ ಬುಡದ ಹಲಗೆಯ ಒಂದು ಮೂಲೆ. ಉಳಿದದ್ದೆಲ್ಲ ಕಲ್ಲಿನಂತಿತ್ತು. ಆ ಕಾಲದ ಪೈನ್ ಮರ ನಿಧಾನವಾಗಿ ಬೆಳೆದದ್ದು, ಉಂಗುರಗಳು ಒತ್ತೊತ್ತಾಗಿರುತ್ತವೆ. ಈಗ ಅಂಗಡಿಯಲ್ಲಿ ಸಿಗುವ ಪೈನ್ ಅದರ ಹತ್ತಿರವೂ ಬರುವುದಿಲ್ಲ.

ಒಳಗಿನ ಪಟ್ಟಿ ಕಿತ್ತರೆ ಚೌಕಟ್ಟು ಕೈಗೆ ಬರುತ್ತದೆ. ಪೆಟ್ಟಿಗೆಯ ಬುಡದಲ್ಲಿ ಒಂದು ಪುಟ್ಟ ಮುಚ್ಚಳ ಇದೆ, ಅದನ್ನು ತೆಗೆದರೆ ಕಬ್ಬಿಣದ ಗುಂಡು ಸಿಗುತ್ತದೆ. ಕೊಳೆತ ಭಾಗ ಕತ್ತರಿಸಿ ಹೊಸ ಮರ ಸೇರಿಸಿದೆ. ಹಗ್ಗ ಬದಲಿಸಿದೆ. ಎರಡು ಚೌಕಟ್ಟಿನ ನಡುವಿನ ಪಟ್ಟಿಯ ಬದಲು ಬ್ರಷ್ ಕೂದಲಿರುವ ಪಟ್ಟಿ ಕೂರಿಸಿದೆ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಅದನ್ನು ಒಣಗಿದ್ದಾಗ ಉಜ್ಜಲೇಬಾರದು. ಒದ್ದೆ ಮಾಡಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಕಳಿಸಿ ಉಜ್ಜಿದೆ. ಗಾಜಿನ ಅಂಚಿಗೆ ಮೆತ್ತುವ ಅಗಸೆ ಎಣ್ಣೆಯ ಪುಟ್ಟಿ ಗಟ್ಟಿಯಾಗಲು ಎರಡು ವಾರ ಕಾಯಬೇಕು. ಕಾಯುವ ತಾಳ್ಮೆ ಇರಲಿಲ್ಲ, ಬೇಗ ಬಣ್ಣ ಹೊಡೆದೆ, ಸುಕ್ಕುಗಟ್ಟಿತು. ಮತ್ತೆ ಮಾಡಿದೆ. ಒಂದು ಹಳೇ ಗಾಜೂ ಒಡೆಯಿತು, ಅಲೆಅಲೆಯಾಗಿ ಕಾಣುತ್ತಿದ್ದ ಗಾಜು. ಆ ದಿನ ಊಟ ಸೇರಲಿಲ್ಲ.

ಒಂದು ಕಿಟಕಿಗೆ ಆದ ಖರ್ಚು 90 ಪೌಂಡ್, ಜೊತೆಗೆ ಮೂರು ವಾರಾಂತ್ಯ. ಬೇ ಕಿಟಕಿಯ ಉಳಿದ ಎರಡನ್ನು ಇದೇ ಕೆಲಸದವರಿಗೆ ಕೊಟ್ಟೆ, ಒಂದಕ್ಕೆ 420 ಪೌಂಡ್. ಊದುಬತ್ತಿ ಹೊಗೆ ಹೆಚ್ಚುಕಮ್ಮಿ ನೆಟ್ಟಗೆ ಏರಿತು. 2009ರಲ್ಲಿ, ಹಳೇ ಕಟ್ಟಡಗಳ ಸಂರಕ್ಷಣೆ ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಗ್ಲಾಸ್ಗೋ ಕ್ಯಾಲೆಡೋನಿಯನ್ ವಿಶ್ವವಿದ್ಯಾಲಯದಲ್ಲಿ ಒಂದು ಹಳೇ ಸ್ಯಾಶ್ ಕಿಟಕಿಯನ್ನು ಪರೀಕ್ಷೆ ಮಾಡಿಸಿತ್ತು. ಸಂದು ಮುಚ್ಚಿದ್ದಕ್ಕೇ ಗಾಳಿ ಸೋರುವುದು ಶೇ. 86ರಷ್ಟು ಇಳಿದಿತ್ತು. ದಪ್ಪ ಪರದೆ ಎಳೆದರೆ ಗಾಜಿನ ಮೂಲಕ ಹೋಗುವ ಶಾಖ ಶೇ. 41ರಷ್ಟು ಕಮ್ಮಿ. ನಮಗೆ ಚಳಿ ಅನಿಸಿದ್ದು ಗಾಜಿನಿಂದ ಅಲ್ಲ, ಜಾಸ್ತಿ ಸಂದಿನಿಂದ. ಅಮ್ಮ ಮುಂದಿನ ವರ್ಷ ಬಂದಾಗ ಅದೇ ಸೋಫಾದಲ್ಲಿ ಶಾಲಿಲ್ಲದೆ ಕೂತರು. ಆದರೆ ಬಸ್ಸಿನ ಸದ್ದು ಮಾತ್ರ ಹಾಗೇ ಇತ್ತು.

ಸದ್ದಿಗೆ ಮದ್ದು ಒಳಗಿನ ಗಾಜು. ರಸ್ತೆ ಕಡೆಯ ಮಲಗುವ ಕೋಣೆಗೆ ಇದನ್ನು ಹಾಕಿಸಿದೆ: ತೆಳು ಅಲ್ಯೂಮಿನಿಯಂ ಚೌಕಟ್ಟು, ಪಕ್ಕಕ್ಕೆ ಜಾರುವ ಗಾಜು, 560 ಪೌಂಡ್. ಚಳಿಗಷ್ಟೇ ಆದರೆ ಎರಡು ಗಾಜಿನ ನಡುವೆ 20 ಮಿಲಿಮೀಟರ್ ಸಾಕು. ಸದ್ದು ತಡೆಯಬೇಕಾದರೆ 100 ಮಿಲಿಮೀಟರ್ ಆದರೂ ಬೇಕು, ನಮಗೆ ಅಷ್ಟು ಜಾಗ ಸಿಕ್ಕಿತು. ಮೊದಲ ರಾತ್ರಿ ಇಬ್ಬರಿಗೂ ಎಚ್ಚರವೇ ಆಗಲಿಲ್ಲ, ಅಲಾರಂಗೂ. ಇಲ್ಲಿ ನಾನು ಮಾಡಿದ ತಪ್ಪು ಹೇಳಬೇಕು. ಹೊರಗಿನ ಹಳೇ ಕಿಟಕಿಗೂ ಬ್ರಷ್ ಪಟ್ಟಿ ಹಾಕಿ ಬಿಗಿ ಮಾಡಿದ್ದೆ. ನಡುವೆ ಹನಿ ಕಟ್ಟಿ ನೀರು ಇಳಿಯತೊಡಗಿತು. ಬಿಗಿಯಾಗಿರಬೇಕಾದ್ದು ಒಳಗಿನದು, ಹೊರಗಿನದು ಸ್ವಲ್ಪ ಉಸಿರಾಡಬೇಕು. ಪಟ್ಟಿ ಕಿತ್ತ ಮೇಲೆ ಸರಿಹೋಯಿತು. ಬೆಚ್ಚಗಿರುವುದರಲ್ಲಿ ಇದು ಹೊಸ ಕಿಟಕಿಗೆ ಹತ್ತಿರ ಹತ್ತಿರ ನಿಲ್ಲುತ್ತದೆ, ದುಡ್ಡಿನಲ್ಲಿ ಮೂರನೇ ಒಂದು ಭಾಗಕ್ಕೂ ಕಮ್ಮಿ. ಕಿರಿಕಿರಿ ಒಂದೇ. ಒರೆಸಲು ನಾಲ್ಕು ಮೈ.

ಅಡುಗೆಮನೆ ಕಿಟಕಿ ಮಾತ್ರ ನಿಜವಾಗಿಯೂ ಮುಗಿದಿತ್ತು. ಸ್ಕ್ರೂಡ್ರೈವರ್ ಹಿಡಿಕೆವರೆಗೂ ಇಳಿಯಿತು. ಅಲ್ಲಿ ಹೊಸ ಮರದ ಸ್ಯಾಶ್, 1,950 ಪೌಂಡ್. ಊದುಬತ್ತಿಗೆ ನೂರಕ್ಕೆ ನೂರು. ಸಾರು ಕುದಿಯುವಾಗ ಗಾಜಿನ ಮೇಲೆ ಮಂಜು ಕೂರುವುದಿಲ್ಲ. ಆದರೆ ತೂಕ! 4 ಮಿಲಿಮೀಟರ್ ಗಾಜು ಚದರ ಮೀಟರಿಗೆ 10 ಕೆಜಿ, ಜೋಡಿಯಾದರೆ 20. ಅಷ್ಟು ತೂಕಕ್ಕೆ ಸಮನಾದ ಕಬ್ಬಿಣದ ಗುಂಡು ಪೆಟ್ಟಿಗೆಯೊಳಗೆ ಹಿಡಿಸುವುದಿಲ್ಲ, ಸೀಸದ್ದು ಹಾಕಬೇಕಾಯಿತು. ಹಳೇ ಕಿಟಕಿ ಎರಡು ಬೆರಳಿಗೆ ಏಳುತ್ತದೆ, ಇದಕ್ಕೆ ಎರಡು ಕೈ ಬೇಕು. ಬೀದಿ ಕಡೆ ಹೀಗೆ ಬದಲಿಸುವ ಯೋಚನೆ ಇದ್ದರೆ, ನಿಮ್ಮ ಬೀದಿ ಹಳೇ ಕಟ್ಟಡಗಳ ರೂಪ ಕಾಪಾಡುವ ಸಂರಕ್ಷಿತ ವಲಯದಲ್ಲಿದೆಯಾ ಅಂತ ಕೌನ್ಸಿಲ್‌ನಲ್ಲಿ, ಅಂದರೆ ಊರಿನ ಸ್ಥಳೀಯ ಆಡಳಿತದಲ್ಲಿ, ಕೇಳಿಯೇ ಮುಂದುವರಿಯಿರಿ.

ಪ್ಲಾಸ್ಟಿಕ್ ಕಿಟಕಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಣ್ಣ ಬೇಡ, ಗಾಳಿ ಸೋರಲ್ಲ, ಚಳಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಜೋಡಿ ಗಾಜಿನ ಅಂಚಿನ ಸೀಲ್ ಹೋಗಿ ನಡುವೆ ಮಂಜು ಸೇರಿಕೊಂಡಿದೆ. ಒರೆಸಲು ಆಗಲ್ಲ, ಗಾಜನ್ನೇ ಬದಲಿಸಬೇಕು. ಇನ್ನೊಂದು ಫಜೀತಿ ಬೀರುವಿನ ಹಿಂದೆ ಕಂಡಿತು. ಈ ಮನೆಗಳ ಗೋಡೆ ಒಂಬತ್ತು ಇಂಚಿನ ಗಟ್ಟಿ ಇಟ್ಟಿಗೆ, ನಡುವೆ ಟೊಳ್ಳಿಲ್ಲ. ಮೊದಲೆಲ್ಲ ಕೋಣೆಯ ತೇವ ತಣ್ಣನೆಯ ಗಾಜಿನ ಮೇಲೆ ಹನಿಯಾಗುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು, ಒರೆಸುತ್ತಿದ್ದರು. ಈಗ ಗಾಜು ಬೆಚ್ಚಗಿದೆ, ಗಾಳಿಗೆ ದಾರಿಯಿಲ್ಲ, ತೇವ ಹೋಗಿ ಗೋಡೆಯ ತಣ್ಣನೆ ಮೂಲೆಯಲ್ಲಿ ಕೂರುತ್ತದೆ. ಅಂಗೈಯಗಲದ ಕಪ್ಪು ಬೂಸ್ಟು. ಈಗ ದಿನಾ ಬೆಳಿಗ್ಗೆ ಹತ್ತು ನಿಮಿಷ ಆ ಕಿಟಕಿ ತೆರೆದಿಡುವುದು ನನ್ನ ಡ್ಯೂಟಿ.

ಜುಲೈ ಸೆಕೆಯಲ್ಲಂತೂ ಹಳೇದೇ ಗೆಲ್ಲುತ್ತದೆ. ಮೇಲಿನದನ್ನು ಸ್ವಲ್ಪ ಇಳಿಸಿ, ಕೆಳಗಿನದನ್ನು ಸ್ವಲ್ಪ ಏರಿಸಿದರೆ ಬಿಸಿಗಾಳಿ ಮೇಲಿಂದ ಹೋಗುತ್ತದೆ, ತಂಪು ಕೆಳಗಿಂದ ಬರುತ್ತದೆ. ಹೊರಕ್ಕೆ ತೆರೆಯುವ ಪ್ಲಾಸ್ಟಿಕ್ ಕಿಟಕಿಯಲ್ಲಿ ಈ ಉಪಾಯ ನಡೆಯಲ್ಲ.

ಬಚ್ಚಲಿನ ಕಿಟಕಿ ಇನ್ನೂ ಬಾಕಿ ಇದೆ. ಸ್ಕ್ರೂಡ್ರೈವರ್ ಪರೀಕ್ಷೆ ಮುಗಿದಿದೆ, ಮೆತ್ತಗಿರುವುದು ಒಂದೇ ಮೂಲೆ. ಹಗ್ಗ, ಪಟ್ಟಿ, ಪುಟ್ಟಿ ತಂದಿಟ್ಟಾಗಿದೆ. ಈ ಸಲ ಎರಡು ವಾರ ಕಾಯ್ತೀನಿ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ.