ಜೇಡಿಮಣ್ಣಿನ ಅಂಗಳಕ್ಕೆ ಕೃತಕ ಹುಲ್ಲು: ಹಾಸು ಸರಿ, ಕೆಳಗಿನ ಜಲ್ಲಿಯ ಕಥೆ ಏನು?

ಮಳೆ ನಿಂತು ಎರಡು ದಿನವಾದರೂ ಕಾಲಿಟ್ಟಲ್ಲೆಲ್ಲ ಕೆಸರು ಪಿಚಕ್ಕೆನ್ನುವ ಅಂಗಳಗಳಿಗೆ ಕೃತಕ ಹುಲ್ಲೇ ಮದ್ದು ಎಂದು ಮಾರುವವರು ಹೇಳುತ್ತಾರೆ. ಹಾಸಿನಲ್ಲಿ ನೀರು ಬೇಗ ಇಳಿಯುತ್ತದೆ ಎನ್ನುವುದೇನೋ ನಿಜ. ಹಾಸಿನ ಬೆನ್ನಿನಲ್ಲಿ, ಅಂದರೆ ಅಡಿಭಾಗದಲ್ಲಿ, ಸುಮಾರು 10 ಸೆಂ.ಮೀ.ಗೊಂದರಂತೆ ಇರುವ ತೂತುಗಳು ಜಡಿಮಳೆಯನ್ನೂ ತಡೆಯದೆ ಬಿಡುತ್ತವೆ. ಆದರೆ ಇಳಿದ ನೀರು ಸೇರುವುದು ಅದೇ ಜೇಡಿಮಣ್ಣನ್ನು. ಒಮ್ಮೆ ನೆನೆದ ಮೇಲೆ ಆ ಮಣ್ಣು ಗಂಟೆಗೆ ಒಂದೆರಡು ಮಿ.ಮೀ. ನೀರು ಕುಡಿದರೆ ಹೆಚ್ಚು. ಆದ್ದರಿಂದ ಈ ಹಾಸಿನ ಗುಣ ಗೊತ್ತಾಗುವುದು ಅದರ ತಳಪಾಯದಲ್ಲಿ.

ಲೆಕ್ಕ ಹಾಕಿ ನೋಡಿ. 50 ಚದರ ಮೀಟರ್ ಅಂಗಳದ ಮೇಲೆ 40 ಮಿ.ಮೀ. ಮಳೆ ಬಿದ್ದರೆ 2,000 ಲೀಟರ್ ನೀರು. 20 ಎಂಎಂ ಜಲ್ಲಿಯನ್ನು 10 ಸೆಂ.ಮೀ. ದಪ್ಪ ಹರಡಿದರೆ ಕಲ್ಲುಗಳ ನಡುವಿನ ಸಂದು ಸುಮಾರು ಶೇ 40. ಅಂದರೆ ಬಿದ್ದ 40 ಮಿ.ಮೀ. ಅಷ್ಟೂ ಜಲ್ಲಿಯೊಳಗೆ ಹಿಡಿಸುತ್ತದೆ, ಮೇಲ್ಭಾಗ ಒಣಗಿಯೇ ಇರುತ್ತದೆ. ಗಂಟೆಗೆ 2 ಮಿ.ಮೀ.ನಂತೆ ಇಂಗಿದರೆ ಅದು ಬರಿದಾಗಲು 20 ಗಂಟೆ ಬೇಕು. ಅಷ್ಟರೊಳಗೆ ಇನ್ನೊಂದು ಮಳೆ ಬಂದರೆ ನೀರು ಹಾಸಿನ ಮೇಲೆ ಬರುತ್ತದೆ. ಚಾವಣಿಯ ನೀರನ್ನೂ ಅಂಗಳಕ್ಕೇ ಬಿಟ್ಟಿದ್ದರಂತೂ ಕೇಳುವುದೇ ಬೇಡ: 100 ಚದರ ಮೀಟರ್ ಚಾವಣಿಯಿಂದ ಅದೇ ಮಳೆಗೆ 4,000 ಲೀಟರ್ ಸುರಿಯುತ್ತದೆ. ಅದನ್ನು ಬೇರೆ ಪೈಪಿನಲ್ಲಿ ಹೊರಗೆ ಒಯ್ಯದೆ ಹುಲ್ಲಿಗೆ ಹಣ ಹಾಕಬೇಡಿ.

ನಿಮ್ಮ ಮಣ್ಣು ಎಷ್ಟು ಕುಡಿಯುತ್ತದೆ ಎಂದು ತಿಳಿಯಲು 30 ಸೆಂ.ಮೀ. ಆಳದ ಗುಂಡಿ ತೋಡಿ, ನೀರು ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೆ ತುಂಬಿಸಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತೆಂದು ಕಡ್ಡಿಯಿಂದ ಅಳೆಯಿರಿ. 25 ಮಿ.ಮೀ.ಗಿಂತ ಕಡಿಮೆ ಇಳಿದರೆ ನೀರನ್ನು ಹೊರಗೊಯ್ಯುವ ತೂತಿನ ಪೈಪ್ ಹಾಕಲೇಬೇಕು. ಗುಂಡಿ ತೋಡಿದಾಗ ನೀವು ಸುರಿಯುವ ಮೊದಲೇ ಅದರಲ್ಲಿ ನೀರು ಒಸರಿ ನಿಂತರೆ ಅಂತರ್ಜಲವೇ ಮೇಲಿದೆ ಎಂದರ್ಥ. ಅಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಅಗೆತ 15 ಸೆಂ.ಮೀ. ಬೇಕು. ಮಣ್ಣು ಒದ್ದೆಯಿರುವಾಗ ಗುದ್ದಲಿ ಹಾಕಿದರೆ ತಳ ಮೆತ್ತಿಕೊಂಡು ಇರುವ ಸಣ್ಣ ರಂಧ್ರಗಳೂ ಮುಚ್ಚಿಹೋಗುತ್ತವೆ. ತೀರಾ ಸಾಮಾನ್ಯವಾದ ತಪ್ಪೆಂದರೆ ಮಣ್ಣನ್ನು ಸಮತಟ್ಟಾಗಿ ಅಗೆದು, ವಾಟವನ್ನು (ಇಳಿಜಾರನ್ನು) ಜಲ್ಲಿಯಲ್ಲಿ ಕೊಡುವುದು. ನೀರು ಹರಿಯುವುದು ಮಣ್ಣಿನ ಮೇಲೆ. ಹಾಗಾಗಿ ವಾಟ ಮಣ್ಣಿನಲ್ಲೇ ಇರಬೇಕು, ಮೀಟರಿಗೆ 1ರಿಂದ 2 ಸೆಂ.ಮೀ. ತಗ್ಗಿನ ಅಂಚಿನಲ್ಲಿ 30 ಸೆಂ.ಮೀ. ಅಗಲ, 45 ಸೆಂ.ಮೀ. ಆಳದ ಕಾಲುವೆ ತೋಡಿ 100 ಎಂಎಂ ತೂತಿನ ಪೈಪನ್ನು ತೂತು ಕೆಳಮುಖವಾಗಿರುವಂತೆ ಇಡಿ. ಅದಕ್ಕೂ ಮೀಟರಿಗೆ 1 ಸೆಂ.ಮೀ. ವಾಟ, ಸುತ್ತಲೂ ತೊಳೆದ ಜಲ್ಲಿ. ಪೈಪಿನ ಬಾಯಿ ಬಯಲಿಗೋ ಚರಂಡಿಗೋ ತೆರೆದಿರಬೇಕು. ಜೇಡಿಯಲ್ಲೇ ಇಂಗುಗುಂಡಿ ತೋಡಿ ಅಲ್ಲಿಗೆ ಬಿಟ್ಟರೆ ಅದು ತುಂಬಿ ನಿಲ್ಲುತ್ತದೆ, ಪೈಪೂ ತುಂಬುತ್ತದೆ. ತಗ್ಗಿನ ಜಾಗವೇ ಇಲ್ಲದಿದ್ದರೆ ತೊಟ್ಟಿ ಕಟ್ಟಿ ಪಂಪ್ ಇಡಬೇಕಾಗುತ್ತದೆ.

ಮಣ್ಣಿಗೂ ಜಲ್ಲಿಗೂ ನಡುವೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ, ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅಂಚುಗಳನ್ನು 30 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಇಡಿ. ಇದಿಲ್ಲದಿದ್ದರೆ ಜನ ಓಡಾಡಿದಂತೆಲ್ಲ ಜಲ್ಲಿ ಕೆಳಗೆ ಕುಸಿದು ಜೇಡಿ ಮೇಲಕ್ಕೆ ಉಕ್ಕುತ್ತದೆ. ಪ್ಲಾಸ್ಟಿಕ್ ಹಾಳೆಯಂತೂ ಬೇಡವೇ ಬೇಡ.

ಮೇಲೆ 10 ಸೆಂ.ಮೀ. 20 ಎಂಎಂ ಜಲ್ಲಿಯನ್ನು ಎರಡು ಪದರವಾಗಿ ಹರಡಿ ದಮ್ಮಸು ಹೊಡೆಯಿರಿ. ಅದರ ಮೇಲೆ ಮಟ್ಟ ಮಾಡಲು 6 ಎಂಎಂ ಜಲ್ಲಿ, 2–3 ಸೆಂ.ಮೀ. ಇಲ್ಲಿಯೇ ಕೆಲಸ ಕೆಡುವುದು. ಕ್ರಷರ್ ಡಸ್ಟ್ (ಕಲ್ಲಿನ ಪುಡಿ) ಹಾಕಿದರೆ ನುಣ್ಣಗೆ ಕೂರುತ್ತದೆ, ಕೆಲಸ ಬೇಗ ಮುಗಿಯುತ್ತದೆ ಎಂದು ಕೆಲಸದವರಿಗೆ ಅದೇ ಇಷ್ಟ. ಆದರೆ ಆ ಪುಡಿ ಸಂದುಗಳನ್ನು ತುಂಬಿ, ನೀರಿನ ಜೊತೆ ಇಳಿದು ಬಟ್ಟೆಯ ಮೇಲೆ ಕೆನೆಯಂತೆ ಕಟ್ಟುತ್ತದೆ. ಶೇ 40ರ ಲೆಕ್ಕ ಅಲ್ಲಿಗೆ ಮುಗಿಯಿತು. ಬಂದ ಲೋಡಿನಿಂದ ಒಂದು ಬೊಗಸೆ ಜಲ್ಲಿ ತೆಗೆದು ಬಕೆಟ್ ನೀರಿನಲ್ಲಿ ಕಲಕಿ. ನೀರು ಬೂದುಬಣ್ಣಕ್ಕೆ ತಿರುಗಿ ತಳ ಕಾಣದಂತಾದರೆ ಲೋಡನ್ನು ವಾಪಸ್ ಕಳಿಸಿ.

ಇನ್ನು ಹಾಸಿನ ಮಾತು. ಬೆನ್ನಿಗೆ ಲ್ಯಾಟೆಕ್ಸ್ ಬಳಿದ ಹಾಸು ಅಗ್ಗ, ಆದರೆ ತೇವ ಹೀರುತ್ತದೆ. ತಳ ಸದಾ ತಂಪಾಗಿರುವ ಜೇಡಿನೆಲಕ್ಕೆ ಪಾಲಿಯುರಿಥೇನ್ ಬೆನ್ನಿನದೇ ಉತ್ತಮ. ಕೊಳ್ಳುವಾಗ ತುಂಡನ್ನು ಬೆಳಕಿಗೆ ಹಿಡಿದು ತೂತುಗಳು ಆರಪಾರ ಕಾಣುತ್ತವೆಯೇ ನೋಡಿ. ಕೆಲವು ಅಂಟಿನಿಂದ ಮುಚ್ಚಿರುತ್ತವೆ. ಹಾಸಿನ ಎಳೆಗಳ ನಡುವೆ ಮೇಲಿನಿಂದ ಹಾಕುವ ಮರಳು ತೊಳೆದ ಸಿಲಿಕಾ ಮರಳೇ ಆಗಬೇಕು, ಚದರ ಮೀಟರಿಗೆ 5ರಿಂದ 7 ಕೆ.ಜಿ. ತಗ್ಗಿನ ಅಂಚಿಗೆ ಕಾಂಕ್ರೀಟ್ ಕಟ್ಟೆ ಹಾಕಿಸುವುದಾದರೆ ಪೈಪ್ ಕಟ್ಟೆಯ ಒಳಬದಿಗೇ ಇರಲಿ. ಇಲ್ಲವಾದರೆ ನೀವೇ ತೊಟ್ಟಿ ಕಟ್ಟಿದಂತಾಗುತ್ತದೆ.

ಬೇಸಿಗೆಯಲ್ಲಿ ಬಿರುಕುಬಿಟ್ಟು ಮಳೆಯಲ್ಲಿ ಉಬ್ಬುವ ಎರೆಮಣ್ಣಿಗೆ ಇದನ್ನು ಶಿಫಾರಸು ಮಾಡಲು ನಮಗೆ ಮನಸ್ಸಿಲ್ಲ. ನೆಲ ಏರಿಳಿದಂತೆ ಹಾಸು ಅಲೆಅಲೆಯಾಗಿ ಜೋಡಣೆ ಬಿಡುತ್ತದೆ. ದೊಡ್ಡ ಮರದ ಬುಡದಲ್ಲೂ ಬೇಡ, ಅಗೆತಕ್ಕೆ ಬೇರು ಕತ್ತರಿಸಿಹೋಗುತ್ತದೆ. ನೆತ್ತಿಯ ಬಿಸಿಲು ಬೀಳುವಲ್ಲಿ ಬರಿಗಾಲಿಡಲಾಗದಷ್ಟು ಕಾಯುತ್ತದೆ. ಬಿಸಿಲು ಚೆನ್ನಾಗಿ ಬಂದು, ಓಡಾಟ ಕಡಿಮೆಯಿದ್ದರೆ ತೂತಿನ ಪೈಪ್ ಒಂದೇ ಸಾಕು, ನಿಜವಾದ ಹುಲ್ಲೇ ಬೆಳೆಯುತ್ತದೆ. ಕೃತಕ ಹುಲ್ಲು ಹಣಕ್ಕೆ ತಕ್ಕದ್ದಾಗುವುದು ನೆರಳಿನ, ಮಕ್ಕಳೂ ನಾಯಿಯೂ ತುಳಿದಾಡುವ ಸಣ್ಣ ಅಂಗಳದಲ್ಲಿ.

ಹಾಸು ಅಂಟಿಸುವ ಮೊದಲು ಜಲ್ಲಿಯ ಎತ್ತರದ ಅಂಚಿನಲ್ಲಿ ಹೋಸ್ ಪೈಪ್ ಬಿಟ್ಟು, ಕೆಳಗಿನ ಬಾಯಿಯ ಬಳಿ ನಿಂತು ನೋಡಿ. ಒಣಮಣ್ಣು ಮೊದಲಿಗೆ ಒಂದಿಷ್ಟು ಕುಡಿಯುತ್ತದೆ, ಆಮೇಲೆ ನೀರು ಹೊರಬರಬೇಕು. ನಡುವೆ ಎಲ್ಲಾದರೂ ನಿಂತರೆ ಜಲ್ಲಿ ಸರಿಸಿ ಅಲ್ಲಿನ ವಾಟವನ್ನು ಆಗಲೇ ಸರಿಪಡಿಸಿ.