ತೋಳಿಗೆ ಕಟ್ಟುವ ಬಿಪಿ ಮೆಷಿನ್: ಐದಾರು ಮಳೆಗಾಲ ಕಂಡ ಮೇಲೆ

ಮನೆಯಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ತೋಳಿಗೆ ಕಟ್ಟುವ ಡಿಜಿಟಲ್ ಮೆಷಿನ್ ಒಂದು ಇರಲಿ, ಅದರೊಟ್ಟಿಗೆ ಒಂದು ನೋಟ್‌ಬುಕ್ಕೂ ಇರಲಿ. ಕೊರೋನಾ ಸಮಯದಲ್ಲಿ, ಆಸ್ಪತ್ರೆಯ ಮೆಟ್ಟಿಲು ಹತ್ತಲಿಕ್ಕೇ ಹೆದರಿಕೆಯಾಗುತ್ತಿದ್ದಾಗ, ಅಮ್ಮನಿಗೋಸ್ಕರ ಉಡುಪಿಯ ಒಂದು ಮೆಡಿಕಲ್‌ನಿಂದ ತಂದ ಮೆಷಿನ್ ಇವತ್ತಿಗೂ ನಮ್ಮ ಚಾವಡಿಯ ಮೇಜಿನ ಮೇಲೆ ಉಂಟು, ಸರಿಯಾಗಿಯೇ ಉಂಟು. ಬೆಲೆ ಆಗ ಎರಡು ಸಾವಿರದ ಆಸುಪಾಸು. ಕಂಪನಿಯ ಹೆಸರು ಬರೆಯುವುದಿಲ್ಲ, ಯಾಕೆಂದರೆ ನಾನು ಹೇಳುವುದೆಲ್ಲ ಈ ಬಗೆಯ ಯಾವ ಮೆಷಿನಿಗೂ ಹೊಂದುತ್ತದೆ. ಒಂದೊಂದು ಸಲದ ಸಂಖ್ಯೆ ನೋಡಿ ನಮ್ಮ ಮನೆಯಲ್ಲಿ ಹೆದರಿಕೆಯೇ ಹೆಚ್ಚಾದದ್ದುಂಟು. ಒಂದು ವಾರದ ಸಂಖ್ಯೆಗಳನ್ನು ಒಂದೇ ಕ್ರಮದಲ್ಲಿ ಬರೆದಿಟ್ಟಾಗ ಡಾಕ್ಟರಿಗೂ ನಮಗೂ ಉಪಕಾರವಾಯಿತು.

ಮಣಿಕಟ್ಟಿಗೆ ಕಟ್ಟುವ ಸಣ್ಣ ಮೆಷಿನ್ ನೋಡಲು ಚಂದ, ಬ್ಯಾಗಿನಲ್ಲಿ ಹಿಡಿಯುತ್ತದೆ. ಆದರೆ ಕೈ ಸ್ವಲ್ಪ ಕೆಳಗಿದ್ದರೂ ಸಂಖ್ಯೆ ಬದಲಾಗುತ್ತದೆ, ಹಿರಿಯರಿಗೆ ಕೈಯನ್ನು ಎದೆಯ ಮಟ್ಟದಲ್ಲಿ ಹಿಡಿದು ಕೂರುವುದು ಕಷ್ಟ. ತೋಳಿನದ್ದನ್ನೇ ತೆಗೆದುಕೊಳ್ಳಿ.

ತೆಗೆದುಕೊಳ್ಳುವಾಗ ಅಂಗಡಿಯವರು ಸಾಮಾನ್ಯವಾಗಿ ಕೇಳದ ಒಂದು ಪ್ರಶ್ನೆ ಉಂಟು: ತೋಳಿನ ಸುತ್ತಳತೆ ಎಷ್ಟು? ಪೆಟ್ಟಿಗೆಯಲ್ಲಿ ಬರುವ ಮಾಮೂಲಿ ಪಟ್ಟಿ 22ರಿಂದ 32 ಸೆಂಟಿಮೀಟರ್ ತೋಳಿಗೆ ಆಗುವಂಥದ್ದು. ಭುಜಕ್ಕೂ ಮೊಣಕೈಗೂ ನಡುವೆ ಟೈಲರ್ ಟೇಪಿನಲ್ಲಿ ಅಳೆದರೆ ನಮ್ಮ ಅಮ್ಮನದು 34. ದಪ್ಪ ತೋಳಿಗೆ ಸಣ್ಣ ಪಟ್ಟಿ ಬಿಗಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಆ ಹೆಚ್ಚಿನ ಸಂಖ್ಯೆ ನಂಬಿ ಮಾತ್ರೆ ಜಾಸ್ತಿಯಾದರೆ? ಹಾಗಾಗಿ ನಾವು 22ರಿಂದ 42ರವರೆಗೆ ಆಗುವ ಅಗಲದ ಪಟ್ಟಿ ಬೇಕೆಂದು ಕೇಳಿ ತರಿಸಿಕೊಂಡೆವು. ಪಕ್ಕದ ಮನೆಯ ದೊಡ್ಡಮ್ಮನ ತೋಳು ಒಣಕಡ್ಡಿ. ಅವರು ನಮ್ಮಲ್ಲಿಗೆ ಬಂದು ನೋಡಿಸಿಕೊಳ್ಳುವಾಗಲೂ ಮೊದಲು ಟೇಪು ಹಿಡಿದೆ, 23 ಬಂತು, ಅಡ್ಡಿಯಿಲ್ಲ. ಇಷ್ಟು ಕೇಳಿ ಕೊಳ್ಳುವವರು ಕಡಿಮೆ, ಆದರೆ ಇಡೀ ಖರೀದಿಯಲ್ಲಿ ನನಗೆ ಇದೇ ಮುಖ್ಯ ಅನಿಸುತ್ತದೆ.

ಡಾಕ್ಟರರು ಪಟ್ಟಿ ಕಟ್ಟಿ ಸ್ಟೆತಸ್ಕೋಪ್ ಇಟ್ಟು ನೋಡುವಾಗ ರಕ್ತ ಹರಿಯುವ ಸದ್ದು ಕೇಳುತ್ತಾರೆ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಎಂಬ ವೈದ್ಯರು ತೋರಿಸಿಕೊಟ್ಟ ಕ್ರಮ ಅದು. ಮನೆಯ ಮೆಷಿನಿಗೆ ಕಿವಿ ಇಲ್ಲ. ರಕ್ತನಾಳದ ಮಿಡಿತದಿಂದ ಪಟ್ಟಿಯೊಳಗಿನ ಗಾಳಿಯಲ್ಲಿ ಏಳುವ ಸಣ್ಣ ಸಣ್ಣ ಕಂಪನವನ್ನು ಅಳೆದು, ಮೇಲಿನದ್ದು ಎಷ್ಟು ಕೆಳಗಿನದ್ದು ಎಷ್ಟು ಎಂದು ಲೆಕ್ಕ ಹಾಕುತ್ತದೆ. ಇದು ಗೊತ್ತಿದ್ದರೆ ಯಾಕೆ ಅಲುಗಾಡಬಾರದು, ಯಾಕೆ ಮಾತಾಡಬಾರದು ಎಂದು ಹಿರಿಯರಿಗೆ ಹೇಳಿ ಒಪ್ಪಿಸಲಿಕ್ಕೆ ಸುಲಭ. ನಮ್ಮ ಅಮ್ಮನಿಗೆ ಪಟ್ಟಿ ಕಟ್ಟಿದ ಕೂಡಲೇ ಮುಂಬೈಯ ಚಿಕ್ಕಮ್ಮನ ಫೋನು ನೆನಪಾಗುತ್ತದೆ. ಮಾತಾಡುತ್ತಾ ನೋಡಿದ್ದಕ್ಕೂ ಸುಮ್ಮನೆ ಕೂತು ನೋಡಿದ್ದಕ್ಕೂ ಮೇಲಿನ ಸಂಖ್ಯೆಯಲ್ಲಿ ವ್ಯತ್ಯಾಸ ಕಣ್ಣಾರೆ ಕಂಡ ಮೇಲೆ ಅಮ್ಮನೇ ಫೋನನ್ನು ದೂರ ಇಡುತ್ತಾರೆ.

ನಮ್ಮ ಕ್ರಮ ಹೀಗೆ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಚಾ ಕುಡಿಯುವ ಮೊದಲು, ಮಾತ್ರೆಗೂ ಮೊದಲು. ಜಗಲಿಯ ಕಟ್ಟೆಯಲ್ಲಿ ಕಾಲು ಇಳಿಬಿಟ್ಟು ಕೂತರೆ ಆಗುವುದಿಲ್ಲ. ಬೆನ್ನಿಗೆ ಆಧಾರ ಇರುವ ಕುರ್ಚಿ, ಪಾದ ಎರಡೂ ನೆಲಕ್ಕೆ, ಕಾಲ ಮೇಲೆ ಕಾಲು ಇಲ್ಲ. ಮೇಜಿನ ಮೇಲೆ ಒಂದು ದಿಂಬು, ಅದರ ಮೇಲೆ ಕೈ, ಪಟ್ಟಿ ಎದೆಯ ಮಟ್ಟಕ್ಕೆ ಬರುವ ಹಾಗೆ. ರವಿಕೆಯ ತೋಳಿನ ಮೇಲೆ ಕಟ್ಟುವುದಿಲ್ಲ, ಬಿಗಿಯಾದ ತೋಳನ್ನು ಮೇಲೆ ಸುರುಳಿ ಸುತ್ತಿಯೂ ಕಟ್ಟುವುದಿಲ್ಲ. ಐದು ನಿಮಿಷ ಸುಮ್ಮನೆ ಕೂತ ಮೇಲೆ ಒಂದು ಸಲ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಸಂಜೆ ದೀಪ ಹಚ್ಚಿದ ಮೇಲೆ ಮತ್ತೆ ಎರಡು ಸಲ. ಡಾಕ್ಟರಲ್ಲಿಗೆ ಹೋಗುವ ಮುಂಚಿನ ವಾರ ಏಳು ದಿನ ಹೀಗೆ ಬರೆದು, ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತೇವೆ. ವರ್ಷವಿಡೀ ದಿನಾ ನೋಡುವ ಅಗತ್ಯ ಇಲ್ಲ ಎಂದು ಡಾಕ್ಟರರೇ ಹೇಳಿದ್ದಾರೆ. ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ, ಹೆಚ್ಚು ಬಂದ ತೋಳನ್ನೇ ಮುಂದಕ್ಕೂ ಇಟ್ಟುಕೊಳ್ಳಬೇಕು. ಅಮ್ಮನದು ಬಲತೋಳು.

ಇನ್ನೊಂದು ಮಾತು ಅನೇಕರಿಗೆ ತಿಳಿದಿಲ್ಲ. ಆಸ್ಪತ್ರೆಯಲ್ಲಿ 140/90 ಎನ್ನುವ ಗಡಿಗೆ ಮನೆಯಲ್ಲಿ ಸರಿಸಮ 135/85. ಮನೆಯ ಸರಾಸರಿ 138 ಬಂದರೆ ‘ನೂರನಲವತ್ತು ಆಗಲಿಲ್ಲವಲ್ಲ’ ಎಂದು ಸಮಾಧಾನ ಪಡುವ ಹಾಗಿಲ್ಲ. ಇದಕ್ಕೆ ತಿರುವುಮುರುವಾದದ್ದೂ ಉಂಟು: ಟೋಕನ್ ಹಿಡಿದು ಗಂಟೆಗಟ್ಟಲೆ ಕಾದು ಒಳಗೆ ಹೋದ ಅಮ್ಮನಿಗೆ ಪ್ರತಿಸಲ 160ರ ಮೇಲೆ, ಮನೆಯಲ್ಲಿ 130ರ ಆಚೀಚೆ. ಬಿಳಿಕೋಟು ಕಂಡು ಏರುವ ಬಿಪಿ ಇದು. ನೋಟ್‌ಬುಕ್ ನೋಡಿದ ಡಾಕ್ಟರರು ಎರಡನೆಯ ಮಾತ್ರೆ ಸೇರಿಸುವ ಯೋಚನೆ ಬಿಟ್ಟರು. ಬರೆದಿಡದೆ ಬಾಯಲ್ಲಿ ಮಾತ್ರ ಹೇಳಿದ್ದರೆ ಅವರು ನಂಬುತ್ತಿದ್ದರೋ ಇಲ್ಲವೋ.

ಮೆಷಿನ್ ನಮಗೆ ನಿಜವಾಗಿ ಉಪಕಾರ ಮಾಡಿದ್ದು ಆಮೇಲಿನ ಒಂದು ಬೇಸಗೆಯಲ್ಲಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಸೆಕೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ, ಮೈಯ ನೀರೆಲ್ಲ ಬೆವರಾಗಿ ಹೋಗುತ್ತದೆ. ಅಮ್ಮ ಬೆಳಿಗ್ಗೆ ಮಂಚದಿಂದ ಎದ್ದು ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯಲು ಶುರು ಮಾಡಿದರು. ಕೇಳಿದರೆ, ‘ಎಂತ ಇಲ್ಲ ಮಗಾ, ಒಮ್ಮೆ ಕಣ್ಣು ಕತ್ತಲೆ ಬಂದ ಹಾಗೆ’ ಎನ್ನುತ್ತಿದ್ದರು. ಕೂತು ನೋಡಿದರೆ ಬಿಪಿ ಚಂದವಾಗಿಯೇ ಇತ್ತು. ಫೋನಿನಲ್ಲಿ ಹೇಳಿದಾಗ ಡಾಕ್ಟರರು, ‘ಮಲಗಿಸಿ ಐದು ನಿಮಿಷ ಬಿಟ್ಟು ನೋಡಿ, ನಿಲ್ಲಿಸಿ ಒಂದನೆಯ ನಿಮಿಷಕ್ಕೂ ಮೂರನೆಯ ನಿಮಿಷಕ್ಕೂ ನೋಡಿ. ಪಕ್ಕದಲ್ಲಿ ಒಬ್ಬರು ಹಿಡಿಯಲಿಕ್ಕೆ ಇರಲಿ’ ಎಂದರು. ಮಲಗಿದಾಗ 134, ನಿಂತಾಗ 106. ನಿಂತ ಮೂರು ನಿಮಿಷದೊಳಗೆ ಮೇಲಿನದ್ದು 20 ಅಥವಾ ಕೆಳಗಿನದ್ದು 10 ಇಳಿದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಂತೆ. ಮೂತ್ರ ಹೋಗಿಸುವ ಮಾತ್ರೆ, ಗಂಡಸರಿಗೆ ಪ್ರಾಸ್ಟೇಟಿಗೆ ಕೊಡುವ ಕೆಲವು ಮಾತ್ರೆ, ನೀರು ಕಡಿಮೆ ಕುಡಿಯುವುದು, ಹಳೆಯ ಸಕ್ಕರೆ ಕಾಯಿಲೆ, ಇವೆಲ್ಲ ಅದಕ್ಕೆ ಕಾರಣ ಆಗಬಹುದು. ಡಾಕ್ಟರರು ಅಮ್ಮನ ಮಾತ್ರೆಯ ಪ್ರಮಾಣ ಇಳಿಸಿದರು, ಎದ್ದ ಕೂಡಲೇ ನಿಲ್ಲದೆ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಲು ಹೇಳಿದರು. ಈ ವಯಸ್ಸಿನಲ್ಲಿ ಬಚ್ಚಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಎಂತಹ ಕಷ್ಟ ಎಂದು ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಗೊತ್ತು. ಮೆಷಿನಿಗೆ ಕೊಟ್ಟ ದುಡ್ಡು ಅವತ್ತೇ ವಸೂಲಾಯಿತು.

ಪಿಯುಸಿಯಲ್ಲಿ ಒಟ್ಟಿಗೆ ಓದಿದ ನಾವೊಂದಷ್ಟು ಗೆಳತಿಯರು ವಾಟ್ಸಾಪಿನಲ್ಲಿ ದಿನಾ ಸುಖದುಃಖ ಮಾತಾಡಿಕೊಳ್ಳುವವರು. ಒಬ್ಬಳು ದುಬೈ, ಇಬ್ಬರು ಬೆಂಗಳೂರು, ಒಬ್ಬಳು ಮುಂಬೈ; ಅಪ್ಪ ಅಮ್ಮಂದಿರು ಮಾತ್ರ ಕೋಟ, ಕಾಪು, ಕಾರ್ಕಳ, ಮೂಲ್ಕಿಯಲ್ಲಿ. ನನ್ನನ್ನು ನೋಡಿ ಎಲ್ಲರೂ ಊರಿನ ಮನೆಗೆ ಮೆಷಿನ್ ತರಿಸಿದರು. ಒಂದು ರಾತ್ರಿ ಇಲ್ಲಿ ಹತ್ತೂವರೆ, ದುಬೈಯಲ್ಲಿ ಒಂಬತ್ತು, ಮೆಸೇಜು ಬಂತು: ‘ಅಪ್ಪನಿಗೆ 176 ಅಂತೆ ಮಾರಾಯ್ತಿ, ಈಗ ಎಂತ ಮಾಡುವುದು?’ ಅಷ್ಟು ದೂರದಲ್ಲಿ ಕೂತು ಆ ಸಂಖ್ಯೆ ಓದುವ ಮಗಳ ಹೊಟ್ಟೆಯಲ್ಲಿ ಎಂತ ಆಗುತ್ತದೆಂದು ನನಗೆ ಅರ್ಥವಾಗುತ್ತದೆ. ಹೋಂ ನರ್ಸಿಗೆ ಫೋನು ಮಾಡಿ ಕೇಳಿದರೆ, ಅವರ ಅಪ್ಪ ಊಟ ಮಾಡಿ ಮಹಡಿ ಹತ್ತಿ ಬಂದ ಕೂಡಲೇ ನೋಡಿದ್ದು. ಎದೆನೋವಿಲ್ಲ, ಉಸಿರಾಟ ಸರಿ, ಮಾತು ಸ್ಪಷ್ಟ. ಕೂರಿಸಿ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 148ಕ್ಕೆ ಇಳಿಯಿತು. ಬೆಳಿಗ್ಗೆ ಡಾಕ್ಟರಿಗೆ ಹೇಳಿದರು.

ಆ ರಾತ್ರಿಯ ನಂತರ ನಮ್ಮೊಳಗೆ ಕೆಲವು ಒಪ್ಪಂದ ಆದವು, ಅವನ್ನು ಈಗಲೂ ನಡೆಸಿಕೊಂಡು ಬಂದಿದ್ದೇವೆ. ಒಂದೇ ಒಂದು ಸಲದ ಸಂಖ್ಯೆಯನ್ನು ಕಳಿಸಿ ಎಲ್ಲರನ್ನೂ ಹೆದರಿಸುವುದಿಲ್ಲ, ವಾರದ ಪುಟದ ಫೋಟೊ ಕಳಿಸುತ್ತೇವೆ. ‘ನನ್ನ ಅತ್ತೆಗೆ ಈ ಮಾತ್ರೆ ಒಳ್ಳೆಯದಾಯಿತು, ನಿನ್ನ ಅಮ್ಮನಿಗೂ ಕೊಡು’ ಎನ್ನುವ ಮಾತು ಬೇಡ. ಒಬ್ಬಳ ಅಮ್ಮನಿಗೆ ಆಮ್ಲೊಡಿಪಿನ್ ಮಾತ್ರೆಯಿಂದ ಪಾದ ಊದಿಕೊಂಡಿತು, ಅದು ಆ ಮಾತ್ರೆಯಿಂದ ಆಗುವಂಥದ್ದೇ, ಡಾಕ್ಟರರು ಬದಲಾಯಿಸಿದರು; ಅದೇ ಮಾತ್ರೆ ನನ್ನ ಅಮ್ಮನಿಗೆ ವರ್ಷಗಳಿಂದ ಹಿಡಿಸಿದೆ. ಮತ್ತೆ, 180/120 ದಾಟಿದರೆ ಎಂತ ಮಾಡಬೇಕೆಂದು ಎಲ್ಲರ ಮನೆಯ ಮೆಷಿನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದೇವೆ. ಶಾಂತವಾಗಿ ಕೂರಿಸಿ ಐದು ನಿಮಿಷ ಬಿಟ್ಟು ಮತ್ತೆ ನೋಡುವುದು. ಇಳಿಯದಿದ್ದರೆ, ಬೇರೆ ತೊಂದರೆ ಇಲ್ಲದಿದ್ದರೂ, ಆಗಲೇ ಡಾಕ್ಟರಿಗೆ ಫೋನು. ಎದೆನೋವು, ಏದುಸಿರು, ಮುಖ ಒಂದು ಬದಿಗೆ ವಾಲುವುದು, ಕೈಕಾಲಿನ ಬಲ ಹೋಗುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ಮತ್ತೊಮ್ಮೆ ನೋಡುತ್ತಾ ಕೂರದೆ 108ಕ್ಕೆ ಕರೆ. ಬಿಪಿ ಇಳಿಯಲಿ ಎಂದು ಹೆಚ್ಚಿಗೆ ಒಂದು ಮಾತ್ರೆ ಕೊಡುವುದು ಮಾತ್ರ ಬೇಡವೇ ಬೇಡ. ಈ ಕೊನೆಯ ಸಾಲನ್ನು ಕೆಂಪು ಪೆನ್ನಿನಲ್ಲಿ ಬರೆದದ್ದು.

ಮಿಡಿತ ಏರುಪೇರಾದರೆ ಪರದೆಯ ಮೇಲೆ ಒಂದು ಹೃದಯದ ಗುರುತು ಮಿನುಗುತ್ತದೆ. ಪಕ್ಕದ ಮನೆಯ ದೊಡ್ಡಮ್ಮನಿಗೆ ನೋಡಿದಾಗಲೆಲ್ಲ ಅದು ಬರುತ್ತಿತ್ತು, ಸಂಖ್ಯೆಯೂ ಸಲಕ್ಕೊಂದು. ಮೆಷಿನ್ ಹಾಳಾಗಿದೆ ಎಂದು ಅವರ ಮಗ ಹೇಳಿದ. ಅಮ್ಮನಿಗೆ ಸರಿ ಬರುವ ಮೆಷಿನ್ ಅವರಿಗೆ ಮಾತ್ರ ಹೇಗೆ ಹಾಳಾಗುತ್ತದೆ? ಒತ್ತಾಯ ಮಾಡಿ ಕಳಿಸಿದೆ. ಇಸಿಜಿಯಲ್ಲಿ ಹೃದಯದ ಬಡಿತ ಕ್ರಮ ತಪ್ಪಿದ್ದು ಗೊತ್ತಾಗಿ, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಶುರುವಾಯಿತು. ಅಂಥ ಬಡಿತ ಗಮನಕ್ಕೆ ಬಾರದೆ ಉಳಿದರೆ ಲಕ್ವ ಹೊಡೆಯುವ ಅಪಾಯ ಹೆಚ್ಚು. ಗುರುತು ಒಮ್ಮೆ ಬಂದರೆ ಕೈ ಅಲುಗಿದ್ದೂ ಆಗಿರಬಹುದು. ಮತ್ತೆ ಮತ್ತೆ ಬಂದರೆ ಇಸಿಜಿ ಮಾಡಿಸಿ.

ಇನ್ನು ಬಾಳಿಕೆ. ಮಳೆಗಾಲವೇ ಇದರ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯುವ ಊರಿನಲ್ಲಿ ಪಟ್ಟಿಯ ಬಟ್ಟೆಗೆ ಹಿಡಿಯದಿರುತ್ತದೆಯೇ? ಮೊದಲ ಮಳೆಗಾಲ ಮುಗಿಯುವಾಗ ಒಳಭಾಗದಲ್ಲಿ ಕಪ್ಪು ಚುಕ್ಕೆ ಕಂಡಿತು. ಈಗ ಪಟ್ಟಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಮಾತ್ರೆ ಬಾಟ್ಲಿಯ ಸಿಲಿಕಾ ಪೊಟ್ಟಣಗಳ ಜೊತೆ ಇಡುತ್ತೇವೆ. ಒಂದೆರಡು ವಾರ ಉಪಯೋಗ ಇಲ್ಲದಿದ್ದರೆ ಸೆಲ್ ತೆಗೆದಿಡಬೇಕು, ಇಲ್ಲವಾದರೆ ಸೋರಿ ಒಳಗಿನ ತಗಡು ಹಸಿರಾಗುತ್ತದೆ. ವೆಲ್ಕ್ರೊ ಮೂರನೆಯ ವರ್ಷಕ್ಕೆ ಹಿಡಿತ ಬಿಟ್ಟಿತು, ಗಾಳಿ ತುಂಬುವಾಗಲೇ ಪರ್ರನೆ ಬಿಚ್ಚಿಕೊಳ್ಳುತ್ತಿತ್ತು. ಹೊಸ ಪಟ್ಟಿ ಸಿಗಲು ಉಡುಪಿ, ಮಣಿಪಾಲ ಎರಡೂ ಕಡೆ ಅಲೆದು, ಕೊನೆಗೆ ಆನ್‌ಲೈನಿನಲ್ಲಿ ತರಿಸಿದ್ದು. ಮೆಷಿನ್ ಚೆನ್ನಾಗಿರುವಾಗ ಬರೀ ಪಟ್ಟಿಗೋಸ್ಕರ ಇಷ್ಟು ಓಡಾಡಿಸುವುದು ಸರಿಯಲ್ಲ, ಇದು ನನ್ನ ದೊಡ್ಡ ದೂರು. ಆ ಕಂಪನಿಯದ್ದೇ ಪಟ್ಟಿ ಹಾಕಿ, ಬೇರೆಯದ್ದು ಹಾಕಿದರೆ ಲೆಕ್ಕ ಸರಿ ಬರುವ ಖಾತ್ರಿ ಇಲ್ಲ.

ಇನ್ನೊಂದು ಕೊರತೆ: ನಮ್ಮ ಮೆಷಿನಿನಲ್ಲಿ ಒಬ್ಬರ ನೆನಪಿಗೆ ಮಾತ್ರ ಜಾಗ. ಅಪ್ಪನದ್ದೂ ಅದರಲ್ಲೇ ಸೇರಿಕೊಂಡು ಯಾರದ್ದು ಯಾವುದೆಂದು ತಿಳಿಯುವುದಿಲ್ಲ. ನೋಟ್‌ಬುಕ್ ಇರುವುದರಿಂದ ನಡೆಯುತ್ತದೆ. ತಪ್ಪು ತೋರಿಸುವ ಗುರುತುಗಳೆಲ್ಲ ಇಂಗ್ಲಿಷಿನಲ್ಲಿ. ಅಮ್ಮನಿಗೆ ಕನ್ನಡದಲ್ಲಿ ಬರೆದು ಪಕ್ಕಕ್ಕೆ ಅಂಟಿಸಿಕೊಟ್ಟೆ, ಈಗ ಅವರೇ ಕಟ್ಟಿಕೊಂಡು ಅವರೇ ಬರೆಯುತ್ತಾರೆ. ಅಂಚಿನಲ್ಲಿ ‘ನಿನ್ನೆ ಮದುವೆ ಊಟ’, ‘ನಿದ್ದೆ ಇಲ್ಲ’ ಎಂದೂ ಬರೆಯುತ್ತಾರೆ. ಅದನ್ನು ಓದಿಯೇ ಡಾಕ್ಟರರು ಉಪ್ಪಿನ ವಿಚಾರ ತೆಗೆದದ್ದು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಚಮಚವೂ ಪೂರ್ತಿ ಇಲ್ಲ. ಗಂಜಿಗೆ ಮಿಡಿ ಉಪ್ಪಿನಕಾಯಿ, ಮಳೆಗಾಲದಲ್ಲಿ ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಪ್ಪಳ, ಒಣಮೀನು ಇರುವ ಮನೆಯಲ್ಲಿ ಇದು ಸುಲಭದ ಮಾತಲ್ಲ. ಸೊಳೆಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ನೆನೆಸಿ, ಪಲ್ಯಕ್ಕೆ ಬೇರೆ ಉಪ್ಪು ಹಾಕದೆ ಮಾಡುತ್ತಾರೆ ಅಮ್ಮ. ಉಪ್ಪಿನಕಾಯಿಗೆ ಭಾನುವಾರ ಮಾತ್ರ ಅವಕಾಶ.

ಸಂಖ್ಯೆ ಸರಿ ತೋರಿಸುತ್ತದೋ ಎಂಬ ಅನುಮಾನ ಹಳೆಯದಾದಂತೆ ಬರುತ್ತದೆ. ವರ್ಷಕ್ಕೊಮ್ಮೆ ಡಾಕ್ಟರಲ್ಲಿಗೆ ಹೋಗುವಾಗ ಮೆಷಿನನ್ನೂ ಒಯ್ದು, ಅವರು ನೋಡಿದ ಕೂಡಲೇ ಅದೇ ತೋಳಿನಲ್ಲಿ ನಮ್ಮದರಲ್ಲೂ ನೋಡುತ್ತೇವೆ. ಇಷ್ಟು ವರ್ಷದಲ್ಲಿ ನಾಲ್ಕೈದರ ವ್ಯತ್ಯಾಸ ದಾಟಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಬಿಪಿ ನೋಡುತ್ತಾರೆ, ಅಲ್ಲಿಗೂ ಒಯ್ಯಬಹುದು.

ಬ್ರಹ್ಮಾವರದ ಅತ್ತೆ ಮಾವನಿಗೆ ಈ ದೀಪಾವಳಿಗೆ ಒಂದು ತೆಗೆದುಕೊಡಬೇಕೆಂದಿದ್ದೇನೆ. ಅದರಲ್ಲಿ ಇಬ್ಬರ ನೆನಪಿಗೆ ಬೇರೆ ಬೇರೆ ಜಾಗ ಇರಬೇಕು, ಕರೆಂಟಿಗೆ ಹಾಕುವ ಅಡಾಪ್ಟರ್ ಬೇಕು, ಪಟ್ಟಿ ಬೇರೆಯಾಗಿ ಸಿಗುತ್ತದೋ ಎಂದು ಮೊದಲೇ ಕೇಳಿಕೊಳ್ಳಬೇಕು. ಮಾವನ ತೋಳು ಅಳೆದಾಯಿತು, 27. ಅತ್ತೆಯದು ಬರುವ ಭಾನುವಾರ.