ಬಾಡಿಗೆ ಕಾರಿನ ಬಂಪರ್ ಒಡೆದಾಗ ಹಣ ಕಟ್ಟುವವರು ಯಾರು?

ಸ್ವಂತ ಕಾರಾಗಲಿ, ವಾಹನ ವಿಮೆಯಾಗಲಿ ಇಲ್ಲದ ನಾನು ಜಯನಗರದ ಸಂಸ್ಥೆಯೊಂದರಿಂದ, ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುವ ಸೆಲ್ಫ್ ಡ್ರೈವ್ ಕಾರನ್ನು ಎರಡು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆದಿದ್ದೆ. ಕಾರು ಶುಚಿಯಾಗಿತ್ತು, ಬ್ರೇಕ್ ಚೆನ್ನಾಗಿತ್ತು. ಆದರೆ ಸಿಲ್ಕ್ ಬೋರ್ಡ್ ಬಳಿ ಮುಂದಿದ್ದ ಆಟೋಗೆ ತಾಗಿ ಬಂಪರ್ ಒಡೆದ ಮೇಲೆಯೇ ನಾನು ಒಪ್ಪಂದವನ್ನು ಪೂರ್ತಿ ಓದಿದ್ದು, ತಪ್ಪು ನನ್ನದೇ.

ನಮ್ಮಲ್ಲಿ ವಿಮೆ ಇರುವುದು ವಾಹನಕ್ಕೆ, ಚಾಲಕನಿಗಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿರುವುದರಿಂದ, ಬಾಡಿಗೆದಾರನಿಗೆ ಸ್ವಂತ ಪಾಲಿಸಿ ಇಲ್ಲದಿದ್ದರೂ ಆಟೋದವರ ನಷ್ಟವನ್ನು ಕಾರಿನ ಪಾಲಿಸಿಯಿಂದಲೇ ಕೇಳಲು ಅವಕಾಶವಿದೆ. ಕಾರಿಗಾದ ಹಾನಿಯ ಲೆಕ್ಕ ಬೇರೆ. ನಾನು ಸಹಿ ಮಾಡಿದ ಒಪ್ಪಂದದಂತೆ ನಿಗದಿತ ಮಿತಿಯವರೆಗಿನ ರಿಪೇರಿ ವೆಚ್ಚ ನನ್ನದು. ಕುಡಿದು ಓಡಿಸಿದರೆ ಅಥವಾ ಹೆಸರು ನೋಂದಾಯಿಸದವರ ಕೈಗೆ ಸ್ಟಿಯರಿಂಗ್ ಕೊಟ್ಟರೆ ಆ ಮಿತಿಯೂ ಅನ್ವಯಿಸದು.

ಠೇವಣಿಯಿಂದ 6,000 ರೂಪಾಯಿ ಕಡಿತವಾಯಿತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗ್ಯಾರೇಜ್ ಬಿಲ್ಲಿಗಾಗಿ ಮೂರು ಬಾರಿ ಅಲೆಸಿದ್ದು, ಬಾಗಿಲ ಮೇಲಿನ ಹಳೆಯ ಗೀರನ್ನೂ ನನ್ನ ತಲೆಗೆ ಕಟ್ಟಲು ನೋಡಿದ್ದು ಸರಿಯಲ್ಲ. ಕಾರು ಪಡೆಯುವಾಗ ತೆಗೆದಿದ್ದ ವಿಡಿಯೊ ತೋರಿಸಿದ ನಂತರವಷ್ಟೇ ಅದನ್ನು ಕೈಬಿಟ್ಟರು. ಕಾರಿಗೆ ನಾಲ್ಕು ನಕ್ಷತ್ರ, ಕಚೇರಿಗೆ ಎರಡು.